ಬಸ್ಸಿನಲ್ಲಿ ಬಂದ ಕಾರ್ಬನ್ ಸೈಕಲ್ಲಿನ ಟಾಪ್ ಟ್ಯೂಬಿನಲ್ಲಿ ಗೀರು: ಇನ್ನು ನಂಬಿ ಓಡಿಸಬಹುದೇ?

ಬೆಳಗಿನ_ಸವಾರ:
ಮೂರು ವರ್ಷದ ರೋಡ್ ಬೈಕ್, ಫ್ರೇಮ್ ಕಾರ್ಬನ್ ಎಳೆಯದು. ದಸರಾ ರಜೆಗೆ ಶಿವಮೊಗ್ಗಕ್ಕೆ ಒಯ್ದಿದ್ದೆ. ಬೆಂಗಳೂರಿಗೆ ಮರಳುವಾಗ ಬಸ್ಸಿನ ಡಿಕ್ಕಿಯಲ್ಲಿ ಅದರ ಮೇಲೆ ಯಾರೋ ಅಡಕೆ ಮೂಟೆ ಹೇರಿದ್ದರು. ಇಳಿಸಿಕೊಂಡು ನೋಡಿದರೆ ಟಾಪ್ ಟ್ಯೂಬಿನ (ಸೀಟಿನ ಕಡೆಯಿಂದ ಹ್ಯಾಂಡಲಿನ ಕಡೆಗೆ ಹೋಗುವ ಮೇಲಿನ ಕೊಳವೆ) ನಡುವೆ, ಎಡಬದಿಯಲ್ಲಿ, ಎರಡು ಸೆಂಟಿಮೀಟರ್ ಉದ್ದದ ಗೀರು. ಉಗುರು ಆಡಿಸಿದರೆ ಸಿಕ್ಕುತ್ತದೆ. ಬಣ್ಣ ಮಾತ್ರ ಹೋಗಿದೆಯೋ ಒಳಗೂ ಬಿರುಕಿದೆಯೋ ತಿಳಿಯುತ್ತಿಲ್ಲ. ಇದರ ಜತೆಗೆ, ಸೀಟಿನ ಮೇಲೆ ಕುಳಿತು ಜೋರಾಗಿ ತುಳಿದಾಗ ಕಿರ್ ಕಿರ್ ಸದ್ದು ಬರುತ್ತಿದೆ.

ನನ್ನ ತೂಕ 84 ಕಿಲೋ. ಭಾನುವಾರ ನಂದಿ ಬೆಟ್ಟಕ್ಕೆ ಹೊರಟಿದ್ದೇವೆ. ಹತ್ತುವುದರ ಚಿಂತೆಯಿಲ್ಲ, ಇಳಿಯುವಾಗ ವೇಗ ಗಂಟೆಗೆ 50 ಕಿ.ಮೀ. ದಾಟುತ್ತದೆ. ನನ್ನವಳು ಇದನ್ನು ಮೊದಲಿನಿಂದಲೂ ಪ್ಲಾಸ್ಟಿಕ್ ಸೈಕಲ್ ಎಂದೇ ಕರೆಯುವುದು. ನಿನ್ನೆಯಿಂದ ನನಗೂ ಹಾಗೆಯೇ ಕಾಣುತ್ತಿದೆ.

ಉಕ್ಕಿನ_ಭಕ್ತ:
ಮಾರಿಬಿಡಿ. ನಮ್ಮ ತಂದೆಯ ಉಕ್ಕಿನ ಸೈಕಲ್ಲು ಎರಡು ಹಾಲಿನ ಕ್ಯಾನು, ಹಿಂದೆ ನಾನು, ಮುಂದೆ ತಂಗಿ, ಇಷ್ಟನ್ನೂ ಇಪ್ಪತ್ತು ವರ್ಷ ಹೊತ್ತಿತು. ಒಮ್ಮೆ ಚರಂಡಿಗೆ ಬಿದ್ದು ಮುಂದಿನ ಗಾಲಿ ಹಿಡಿಯುವ ಫೋರ್ಕ್ ಸೊಟ್ಟಗಾದಾಗ ಕುಲುಮೆಯವರು ಬಡಿದು ನೆಟ್ಟಗೆ ಮಾಡಿಕೊಟ್ಟರು. ನಿಮ್ಮದನ್ನು ಯಾರು ಬಡಿದು ಕೊಡುತ್ತಾರೆ?

ರಾಳ_ನೂಲು:
ಕಾಂಪೊಸಿಟ್ (ಎಳೆ ಮತ್ತು ರಾಳ ಕೂಡಿಸಿದ ವಸ್ತು) ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಇದ್ದೇನೆ, ಆದ್ದರಿಂದ ‘ಪ್ಲಾಸ್ಟಿಕ್’ ಎಂದರೆ ಸ್ವಲ್ಪ ನೋವಾಗುತ್ತದೆ. ಬೆಂಗಳೂರಿನಲ್ಲೇ ತಯಾರಾಗುವ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಶೇಕಡಾ ಇದೇ ಜಾತಿಯ ವಸ್ತು. ಬಲದ ಬಗ್ಗೆ ಅನುಮಾನ ಬೇಡ. ಆ ಬಲ ಯಾವ ದಿಕ್ಕಿಗಿದೆ ಎಂಬುದನ್ನು ನೋಡಬೇಕು.

ಬಾಳೆನಾರನ್ನು ಉದ್ದಕ್ಕೆ ಎಳೆದು ನೋಡಿ, ಕೈ ಕೊಯ್ಯುತ್ತದೆಯೇ ಹೊರತು ನಾರು ತುಂಡಾಗುವುದಿಲ್ಲ. ಅದೇ ಪಟ್ಟಿಯನ್ನು ಅಡ್ಡಕ್ಕೆ ಹಿಡಿದರೆ ಮಗುವೂ ಸೀಳುತ್ತದೆ. ಕಾರ್ಬನ್ ಎಳೆಯೂ ಹಾಗೆಯೇ. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅವನ್ನು ಅಂಟಿಸಿ ಹಿಡಿದಿರುವುದು ಎಪಾಕ್ಸಿ ರಾಳ. ಸವಾರನ ಭಾರ, ತುಳಿತದ ತಿರುಚು ಎಲ್ಲೆಲ್ಲಿ ಹಾಯುತ್ತದೆ ಎಂದು ಲೆಕ್ಕ ಹಾಕಿ ಪದರಗಳನ್ನು ಉದ್ದಕ್ಕೆ, ಓರೆಗೆ, ಅಡ್ಡಕ್ಕೆ ಕೂಡಿಸುತ್ತಾರೆ. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4210ರ ಪ್ರಕಾರ ಫ್ರೇಮನ್ನು 1,00,000 ಸುತ್ತು ತುಳಿಸಿ ನೋಡುತ್ತಾರೆ, 22.5 ಕಿಲೋ ತೂಕವನ್ನು ಬೀಳಿಸಿಯೂ ನೋಡುತ್ತಾರೆ. ಟಾಪ್ ಟ್ಯೂಬಿನ ನಡುವನ್ನು ಪಕ್ಕದಿಂದ ಒತ್ತುವ ಪರೀಕ್ಷೆ ಮಾತ್ರ ಅದರಲ್ಲಿಲ್ಲ. ಹಗುರ ಫ್ರೇಮುಗಳಲ್ಲಿ ಅಲ್ಲಿಯ ಗೋಡೆ ಒಂದು ಮಿಲಿಮೀಟರಿನ ಆಸುಪಾಸು. ನಿಮ್ಮ 84 ಕಿಲೋ ಹೊರುವುದು ಅದರ ಕಸುಬು, ಮೂಟೆಯ ಅಡಿಯಲ್ಲಿ ಯಾರದೋ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ನಲುಗುವುದು ಅದರ ಕಸುಬಲ್ಲ.

ಸ್ಪ್ಯಾನರ್_ಜಮಖಂಡಿ:
ಗೀರು ಬೇರೆ, ಸದ್ದು ಬೇರೆ ಇರಬಹುದು. ಎರಡನ್ನೂ ಗಂಟು ಹಾಕಿ ಹೆದರಬೇಡಿ.

ಮೊದಲು ಫ್ರೇಮ್ ತೊಳೆದು ಒಣಗಿಸಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಟ್ಯೂಬಿಗೆ ಒತ್ತಿದಂತೆ ಓರೆಯಾಗಿ ಹಿಡಿಯಿರಿ. ತಗ್ಗಿದ್ದರೆ ನೆರಳು ಬೀಳುತ್ತದೆ. ಆಮೇಲೆ ಹತ್ತಿಯ ಉಂಡೆಯಿಂದ ಗೀರಿನ ಮೇಲೆ ಸವರಿ. ಎಳೆ ತುಂಡಾಗಿ ಹೊರಗೆ ಬಂದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಸವರಬೇಡಿ, ಕಾರ್ಬನ್ ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ.

ಕೊನೆಗೆ ನಾಣ್ಯ. ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟುತ್ತ, ಅರ್ಧ ಸೆಂಟಿಮೀಟರಿಗೊಮ್ಮೆ ಮುಂದೆ ಹೋಗಿ. ಗಟ್ಟಿ ಜಾಗದಲ್ಲಿ ಟಿಕ್ ಟಿಕ್ ಎನ್ನುತ್ತದೆ, ಒಳಗಿನ ಪದರಗಳು ಒಂದಕ್ಕೊಂದು ಅಂಟು ಬಿಟ್ಟ ಜಾಗದಲ್ಲಿ ಒದ್ದೆ ಹಲಗೆ ತಟ್ಟಿದ ಹಾಗೆ ಮಂದವಾಗುತ್ತದೆ. ಮಂದವಾದಲ್ಲೆಲ್ಲ ಸೀಮೆಸುಣ್ಣದ ಚುಕ್ಕೆ ಇಡಿ. ಒಂದು ಎಚ್ಚರಿಕೆ: ಜೋಡಣೆಯ ಹತ್ತಿರ ಗೋಡೆ ದಪ್ಪವಿರುವುದರಿಂದ ಸದ್ದು ತಾನಾಗಿಯೇ ಬದಲಾಗುತ್ತದೆ. ಅನುಮಾನ ಬಂದರೆ ಬಲಬದಿಯಲ್ಲಿ ಅದೇ ಜಾಗವನ್ನು ತಟ್ಟಿ ಹೋಲಿಸಿ.

ಸದ್ದಿಗೆ ಸೀಟ್ ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಹೊರತೆಗೆದು ನೋಡಿ. ಕೊನೆಯ ಸಲ ತೆಗೆದದ್ದು ಯಾವಾಗ?

ಬೆಳಗಿನ_ಸವಾರ:
ಕೊಂಡ ಮೇಲೆ ತೆಗೆದೇ ಇಲ್ಲ. ಅರ್ಧ ಗಂಟೆ ಹೆಣಗಾಡಿದ ಮೇಲೆ ಹೊರಗೆ ಬಂತು. ಅದು ಅಲ್ಯೂಮಿನಿಯಂ. ಸುತ್ತಲೂ ವಿಭೂತಿ ಬಳಿದ ಹಾಗೆ ಬಿಳಿ ಪುಡಿ.

ನಾಣ್ಯದ ಪರೀಕ್ಷೆಯನ್ನೂ ಬಾಲ್ಕನಿಯಲ್ಲಿ ಕುಳಿತು ಮಾಡಿದೆ. ಪಕ್ಕದ ಮನೆಯವರು ಎರಡು ಸಲ ಇಣುಕಿ ಹೋದರು. ಟಿಕ್, ಟಿಕ್, ಟಿಕ್, ಗೀರು ಇನ್ನೂ ಎರಡು ಬೆರಳು ದೂರವಿರುವಾಗಲೇ ದಬ್. ಅಲ್ಲಿಂದ ಗೀರು ದಾಟಿ ಅತ್ತ ಕಡೆಯವರೆಗೂ ದಬ್ ದಬ್. ಬಲಬದಿಯಲ್ಲಿ ಅದೇ ಜಾಗ ಗಟ್ಟಿಯಾಗಿದೆ. ಚುಕ್ಕೆಗಳನ್ನು ಸೇರಿಸಿದರೆ ಕೋಳಿಮೊಟ್ಟೆಯಷ್ಟು ದೊಡ್ಡ ವೃತ್ತ. ಹತ್ತಿಯಲ್ಲಿ ಎರಡು ಕಪ್ಪು ಎಳೆಗಳೂ ಸಿಕ್ಕಿವೆ.

ರಾಳ_ನೂಲು:
ಓಡಿಸಬೇಡಿ, ರಸ್ತೆಯ ತುದಿಯವರೆಗೂ ಬೇಡ. ಉಕ್ಕು ಮೊದಲು ಬಾಗಿ ತೋರಿಸುತ್ತದೆ. ಕಾರ್ಬನ್ನಿಗೆ ಬಾಗಿ ಹಾಗೆಯೇ ಉಳಿಯುವ ಗುಣವಿಲ್ಲ. ಕಂಡಿದ್ದು ಇಷ್ಟಿದ್ದರೆ ಒಳಗಿನ ಪದರಗಳಲ್ಲಿ ಹೆಚ್ಚೇ ಬಿಟ್ಟಿರುತ್ತದೆ.

ಬಿಳಿ ಪುಡಿಯ ಕಥೆ ಬೇರೆ. ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿ, ನಡುವೆ ಬೆವರಿನ ಉಪ್ಪುನೀರು ಇಳಿದರೆ ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಆ ಬಿಳಿ ಪುಡಿ, ಅಂದರೆ ಅದರ ಆಕ್ಸೈಡ್, ಉಬ್ಬಿ ಪೋಸ್ಟ್ ಕಚ್ಚಿಕೊಳ್ಳುತ್ತದೆ. ಇನ್ನೆರಡು ವರ್ಷ ಬಿಟ್ಟಿದ್ದರೆ ಗರಗಸವೇ ಬೇಕಾಗುತ್ತಿತ್ತು.

ಉಕ್ಕಿನ_ಭಕ್ತ:
ನಾನು ಮೊದಲೇ ಹೇಳಿದೆ.

ಸ್ಪ್ಯಾನರ್_ಜಮಖಂಡಿ:
ಲೋಹವೇನೂ ಸತ್ಯಹರಿಶ್ಚಂದ್ರನಲ್ಲ. 2006ರಲ್ಲಿ ಫ್ರಾನ್ಸಿನ ಪ್ಯಾರಿಸ್–ರೂಬೆ ಸೈಕಲ್ ಓಟದಲ್ಲಿ ಅಮೆರಿಕದ ಸವಾರ ಜಾರ್ಜ್ ಹಿಂಕಾಪಿ ಹ್ಯಾಂಡಲ್ ಕೈಗೇ ಬಂದು ಬಿದ್ದರಲ್ಲ, ಅಂದು ಮುರಿದದ್ದು ಅಲ್ಯೂಮಿನಿಯಂ ಸ್ಟೀರರ್, ಅಂದರೆ ಫೋರ್ಕನ್ನು ಹ್ಯಾಂಡಲಿಗೆ ಸೇರಿಸುವ ಕೊಳವೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಉಕ್ಕಿನ ಸೈಕಲ್ಲಿನಲ್ಲೇ ಓಟ ಕಲಿತವರು. ಲಗ್ಗಿನ (ಕೊಳವೆಗಳು ಕೂಡುವ ಜೋಡಣೆ) ಬಳಿ ಸೀಳಿದ ಉಕ್ಕಿನ ಫ್ರೇಮನ್ನು ನಾನೇ ಬೆಸೆದಿದ್ದೇನೆ.

ಸವಾರರೇ, ಟಾಪ್ ಟ್ಯೂಬ್ ದುರಸ್ತಿಯಾಗುತ್ತದೆ. ಬಲ್ಲವರು ಹಾಳಾದ ಭಾಗವನ್ನು ಇಳಿಜಾರಾಗಿ ಉಜ್ಜಿ, ಹೊಸ ಕಾರ್ಬನ್ ಬಟ್ಟೆಯನ್ನು ಪದರಪದರವಾಗಿ ಕೂಡಿಸಿ, ಒತ್ತಿ ಹಿಡಿದು ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಅಂಗಡಿಯ ಎಪಾಕ್ಸಿ ಪುಟ್ಟಿ ಮೆತ್ತಿ ಬಣ್ಣ ಬಳಿಯುವವರ ಹತ್ತಿರ ಹೋಗಬೇಡಿ. ಫೋರ್ಕ್ ಮತ್ತು ಹ್ಯಾಂಡಲ್ ಬಾರ್ ಅನ್ನೂ ಬಿಚ್ಚಿ ತೋರಿಸಿ, ಹ್ಯಾಂಡಲಿಗೆ ಸುತ್ತಿದ ಟೇಪಿನ ಅಡಿಯನ್ನೂ ಹ್ಯಾಂಡಲನ್ನು ಹಿಡಿಯುವ ಸ್ಟೆಮ್ ಕಚ್ಚುವ ಜಾಗವನ್ನೂ ಬಿಡದೆ. ಅವುಗಳಲ್ಲಿ ಬಿರುಕಿದ್ದರೆ ದುರಸ್ತಿಯ ಮಾತೇ ಬೇಡ, ಹೊಸದು ಹಾಕಿ.

ಬೆಳಗಿನ_ಸವಾರ (ಐದು ವಾರದ ನಂತರ):
ದುರಸ್ತಿಯಾಯಿತು. ಉಜ್ಜುತ್ತಾ ಹೋದಂತೆ ಒಳಗೆ ಅಂಗೈಯಗಲ ಪದರ ಬಿಟ್ಟಿತ್ತಂತೆ, ಫೋಟೊ ಕಳಿಸಿದರು. ಫೋರ್ಕ್, ಹ್ಯಾಂಡಲ್ ಸರಿಯಿವೆ. ಸೀಟ್ ಪೋಸ್ಟನ್ನು ಒರೆಸಿ, ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿ, ಫ್ರೇಮಿನ ಮೇಲೆ ಅಚ್ಚಾಗಿರುವ 5 ನ್ಯೂಟನ್ ಮೀಟರಿಗೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿದೆ. ಕಿರ್ ಕಿರ್ ನಿಂತಿದೆ. ಮೊನ್ನೆ ನಂದಿಗೂ ಹೋಗಿ ಬಂದೆ. ಇಳಿಯುವಾಗ ಮೊದಲ ನಾಲ್ಕು ತಿರುವು ಬ್ರೇಕ್ ಬಿಡಲು ಕೈ ಒಪ್ಪಲಿಲ್ಲ, ಐದನೆಯದರಿಂದ ಒಪ್ಪಿತು.

ಸಂಕ್ರಾಂತಿಗೆ ಮತ್ತೆ ಊರಿಗೆ ಒಯ್ಯಬೇಕು. ಬಸ್ಸಿಗೆ ಹೇಗೆ ಕಟ್ಟಲಿ?

ಸ್ಪ್ಯಾನರ್_ಜಮಖಂಡಿ:
ಎರಡೂ ಗಾಲಿ ಬಿಚ್ಚಿ, ಗಾಲಿ ಕೂರುವ ಕವಲುಗಳ ನಡುವೆ ಮರದ ತುಂಡು ಸಿಕ್ಕಿಸಿ. ಟ್ಯೂಬುಗಳಿಗೆ ಏಸಿ ಪೈಪಿನ ಫೋಮ್ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಮಲಗಿಸಬೇಡಿ. ಹಗ್ಗ ಪೆಟ್ಟಿಗೆಗೆ ಇರಲಿ, ಟ್ಯೂಬಿಗೆ ಬೇಡ. ಡಿಕ್ಕಿಗೆ ಎಲ್ಲರ ಸಾಮಾನು ಹೋದ ಮೇಲೆ ಕೊನೆಗೆ ನೀವೇ ಇಡಿ, ಇಳಿಯುವಾಗ ಎಲ್ಲರಿಗಿಂತ ಮೊದಲು ಇಳಿಯಿರಿ.