ಹೊಲದ ಬದುವಲ್ಲಿ ಸಿಕ್ಕ ಜೇಡ ಹೊಸ ಪ್ರಭೇದ ಇರಬಹುದಂತೆ. ಮುಂದೇನು ಮಾಡಲಿ? ಅನುಭವ ಇದ್ದವರು ಹೇಳಿ

ಬದುವಿನ ಮೇಷ್ಟ್ರು (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ಕುಂತಿಬೆಟ್ಟದ ಹತ್ತಿರ ನಮ್ಮ ಹೊಲ ಇದೆ. ಬದುವಿನ ಕಲ್ಲುಗಳ ಮೇಲೆ ಒಂದು ಜಿಗಿಯುವ ಜೇಡ ಓಡಾಡುತ್ತದೆ. ಐದು ಮಿಲಿಮೀಟರ್ ಇರಬಹುದು. ಬೂದು ಮೈ, ಬೆನ್ನಿನ ಮೇಲೆ ಎರಡು ಬಿಳಿ ಗೆರೆ. ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಐನ್ಯಾಚುರಲಿಸ್ಟ್ ವೆಬ್‌ಸೈಟಿಗೆ ಫೋಟೋ ಹಾಕಿದ್ದೆ. ಒಬ್ಬರು ನೋಡಿ, "ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಗೊತ್ತಾಗುತ್ತಿದೆ, ಆದರೆ ಯಾವ ಪ್ರಭೇದಕ್ಕೂ ಹೊಂದುತ್ತಿಲ್ಲ, ಹೊಸದಿರಬಹುದು" ಎಂದರು. ಅವತ್ತಿಂದ ನಿದ್ದೆ ಇಲ್ಲ. ನಾನು ಹೈಸ್ಕೂಲ್ ಮೇಷ್ಟ್ರು. ಪರಿಚಯದ ಪ್ರೊಫೆಸರ್ ಒಬ್ಬರು "ತಂದುಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಅನ್ನುತ್ತಿದ್ದಾರೆ. ಕೊಡಲಾ? ನಾನೇ ಮಾಡಿದರೆ ಎಷ್ಟು ಖರ್ಚು, ಎಷ್ಟು ದಿನ?

ಎಂಟು ಕಣ್ಣು (ಮೈಸೂರು)

ಮೇಷ್ಟ್ರೇ, ದಿನ ಅಲ್ಲ, ವರ್ಷ ಅಂತ ಕೇಳಿ.

2019ರ ಮಳೆಗಾಲದಲ್ಲಿ ಚಾಮುಂಡಿ ಬೆಟ್ಟದ ಆಚೆ ಒಂದು ಖಾಲಿ ಸೈಟಿನಲ್ಲಿ ನನಗೂ ಹೀಗೇ ಒಂದು ಸಿಕ್ಕಿತು. ಕುಣಿದಾಡಿಬಿಟ್ಟೆ. ಆಮೇಲೆ ನೋಡಿದರೆ ಹೆಣ್ಣು ಮರಿ. ಇನ್ನೊಂದು ಪೊರೆ ಬಿಡುವುದು ಬಾಕಿ ಇತ್ತು. ಮರಿ ಇಟ್ಟುಕೊಂಡು ಜೇಡಕ್ಕೆ ಹೆಸರು ಕೊಡೋಕೆ ಆಗಲ್ಲ. ಗಂಡಿನ ಬಾಯಿ ಪಕ್ಕದ ಪುಟ್ಟ ಕೈ, ಹೆಣ್ಣಿನ ಹೊಟ್ಟೆ ಅಡಿಯ ಜನನಾಂಗ, ಇವೆರಡು ಪೂರ್ತಿ ಬೆಳೆದ ಮೇಲೇ ಪ್ರಭೇದ ಗೊತ್ತಾಗುವುದು. ಉಪ್ಪಿನಕಾಯಿ ಡಬ್ಬಿಗೆ ತೂತು ಮಾಡಿ, ಒದ್ದೆ ಹತ್ತಿ ಇಟ್ಟು, ಕೊಳೆತ ಬಾಳೆಹಣ್ಣಿನ ನೊಣ ಹಿಡಿದು ಸಾಕಿದೆ. 23 ದಿನ. ಪೊರೆ ಬಿಡುವಾಗ ಎರಡು ಕಾಲು ಸಿಕ್ಕಿಹಾಕಿಕೊಂಡು ಸತ್ತುಹೋಯಿತು. ಎರಡನೆಯದೂ ಹಾಗೇ ಹೋಯಿತು. ಮೂರನೆಯದು ಬದುಕಿತು, ಅಷ್ಟರಲ್ಲಿ ವರ್ಷ ಕಳೆದಿತ್ತು.

ಖರ್ಚು ಕೇಳಿದಿರಲ್ಲ, ಬರೆದಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಮೈಕ್ರೋಸ್ಕೋಪ್ 41,500. ಲೈಟು 2,800. ಕ್ಯಾಮೆರಾ ಕೂರಿಸುವ ಅಡಾಪ್ಟರ್ 6,200. ಅದು ಸರಿಯಾಗಿ ಕೂರಲೇ ಇಲ್ಲ, ಇನ್ನೊಂದು 3,900. ಡಿಎನ್ಎ ಓದಿಸಲು ಮೂರು ಸಲ, ಕೊರಿಯರ್ ಸೇರಿ 2,590. ಮೊದಲನೆಯ ಸಲ ಏನೂ ಬರಲಿಲ್ಲ, ಯಾಕೆಂದರೆ ನಾನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಹಾಕಿದ್ದೆ. ಶುದ್ಧ ಆಲ್ಕೋಹಾಲ್ ಬೇಕು. ಅದನ್ನು ಸುಮ್ನೆ ಯಾರೂ ಕೊಡಲ್ಲ, ಅಬಕಾರಿ ಲೈಸೆನ್ಸ್ ಕೇಳುತ್ತಾರೆ. ಕಡೆಗೆ ಗೆಳೆಯನ ಲ್ಯಾಬಿನಿಂದ ನೂರು ಎಂಎಲ್ ತಂದೆ. ಸೀಸೆಯೊಳಗಿನ ಚೀಟಿಯನ್ನು ಬಾಲ್ ಪೆನ್ನಲ್ಲಿ ಬರೆದಿದ್ದೆ. ಆಲ್ಕೋಹಾಲ್‌ನಲ್ಲಿ ಶಾಯಿ ಕರಗಿ ಚೀಟಿ ತಿಳಿ ನೀಲಿ ಕಾಗದ ಆಗಿ ಕೂತಿತ್ತು. ಊರು, ದಿನ ಎಲ್ಲ ಅಳಿಸಿಹೋಯಿತು. ಪೆನ್ಸಿಲ್, ಪೆನ್ಸಿಲ್ ಮಾತ್ರ.

2022ರಲ್ಲಿ ಇನ್ನೊಂದು ತಂಡ ಅದೇ ಜೇಡಕ್ಕೆ ಹೆಸರಿಟ್ಟು ಪ್ರಕಟಿಸಿತು. ಚಿತ್ರ ನೋಡಿದ ತಕ್ಷಣ ಗೊತ್ತಾಯಿತು, ನನ್ನದೇ. ಆ ಡಬ್ಬಿ ಇನ್ನೂ ಕಪಾಟಿನಲ್ಲಿದೆ.

ಕ್ಲಿಕ್ ಮಾತ್ರ (ಮೈಸೂರು)

ಸಾಕಿ ಸಾಯಿಸಿದ್ದನ್ನು ಇಷ್ಟು ಹೆಮ್ಮೆಯಿಂದ ಬರೆಯಬೇಕಾ? ನಾನು ಹನ್ನೊಂದು ವರ್ಷದಿಂದ ಲಿಂಗಾಂಬುಧಿ ಕೆರೆ ಸುತ್ತ ಫೋಟೋ ತೆಗೆಯುತ್ತಿದ್ದೇನೆ, ಒಂದು ಇರುವೆಯನ್ನೂ ಸೀಸೆಗೆ ಹಾಕಿಲ್ಲ. ಅರುಣಾಚಲದ ಬುಗುನ್ ಲಿಯೋಸಿಕ್ಲಾ ಹಕ್ಕಿಗೆ 2006ರಲ್ಲಿ ಹೆಸರಿಟ್ಟರಲ್ಲ, ಒಂದನ್ನೂ ಕೊಲ್ಲಲಿಲ್ಲ. ಗರಿ, ಫೋಟೋ, ಕೂಗಿನ ರೆಕಾರ್ಡಿಂಗ್ ಇಟ್ಟುಕೊಂಡೇ ಬರೆದರು. ಮೇಷ್ಟ್ರೇ, ಬಿಟ್ಟುಬಿಡಿ ಅದನ್ನು.

ಎಂಟು ಕಣ್ಣು

ಆ ಹಕ್ಕಿ ಆಗ ಕಂಡಿದ್ದೇ ಬೆರಳೆಣಿಕೆಯಷ್ಟು. ಒಂದನ್ನು ತೆಗೆದರೂ ತಪ್ಪು, ಒಪ್ಪುತ್ತೇನೆ. ಜೇಡದ ಮಾತೇ ಬೇರೆ. ಗಂಡಿನ ಕೈ ತುದಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ. ಅದರೊಳಗಿನ ಮುಳ್ಳು ಯಾವ ಕಡೆ ಬಾಗಿದೆ ಅಂತ ನಿಮ್ಮ ಮ್ಯಾಕ್ರೋ ಲೆನ್ಸ್ ಹೇಳುತ್ತಾ? ಪ್ರಾಣಿಗಳ ಹೆಸರಿನ ನಿಯಮ 2000ದಿಂದ ಸ್ಪಷ್ಟ ಇದೆ. ಹೊಸ ಹೆಸರು ಕೊಡುವಾಗ ಆ ಹೆಸರಿಗೆ ಆಧಾರವಾದ ಮಾದರಿ ಜೀವಿ ಯಾವುದು, ಯಾವ ಸಂಗ್ರಹದಲ್ಲಿ ಇಡುತ್ತೀರಿ ಅಂತ ಹೇಳಲೇಬೇಕು. ನೂರು ವರ್ಷ ಆದ ಮೇಲೆ ಯಾರಾದರೂ ಅನುಮಾನ ಬಂದು ತೆಗೆದು ನೋಡಬೇಕಲ್ಲ, ಅದಕ್ಕೆ. ನಿಮ್ಮ ಬೈಕಿನ ಮುಂದಿನ ಗಾಜಿಗೆ ಬಡಿದು ದಿನಾ ಎಷ್ಟು ಸಾಯುತ್ತವೆ, ಅದನ್ನೂ ಲೆಕ್ಕ ಹಾಕಿ.

ಕ್ಲಿಕ್ ಮಾತ್ರ

ನನ್ನ ಹತ್ತಿರ ಬೈಕ್ ಇಲ್ಲ. ಸೈಕಲ್ ಇದೆ.

ಮೇಲುಕೋಟೆ ಅಕ್ಕ

ಜೇಡದವರು ಜಗಳ ಆಡಿಕೊಳ್ಳಿ, ನಾನು ಗಿಡದ ಮಾತು ಹೇಳುತ್ತೇನೆ. ಮೇಲುಕೋಟೆ ಕಡೆ ಒಂದು ಬಂಡೆಯ ಗುಳಿಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ. ಅಲ್ಲಿ ಎರಿಯೊಕಾಲನ್ ಅನ್ನುವ ಹುಲ್ಲಿನಂಥ ಗಿಡ ಒಂದು ಕಂಡಿತು. ಗುಂಡುಸೂಜಿ ತಲೆಯಷ್ಟು ಬಿಳಿ ಹೂಗೊಂಚಲು, ಗೇಣುದ್ದ ಕೂಡ ಇಲ್ಲ. ಹಳೇ ಪೇಪರ್ ನಡುವೆ ಒತ್ತಿ, ಮೇಲೆ ಒರಳು ಕಲ್ಲು ಇಟ್ಟೆ. ದಿನಾ ಪೇಪರ್ ಬದಲಿಸಬೇಕು. ಎರಡು ದಿನ ಮದುವೆಗೆ ಅಂತ ನಂಜನಗೂಡಿಗೆ ಹೋಗಿದ್ದೆ, ಬಂದು ನೋಡಿದರೆ ಬೂಷ್ಟು. ಅತ್ತೆ "ಹುಲ್ಲಿಗೆ ಇಷ್ಟು ಉಪಚಾರವಾ" ಅಂದರು. ಇನ್ನೊಂದು ಸಲ ಕಿತ್ತು ತಂದೆ. ಆಗ ಗೊತ್ತಾಯಿತು, ಬೀಜ ಬಲಿತಿರಲಿಲ್ಲ. ಎರಿಯೊಕಾಲನ್‌ನಲ್ಲಿ ಬೀಜದ ಮೇಲಿನ ಕೆತ್ತನೆ ನೋಡದೆ ಯಾವುದು ಅಂತ ಹೇಳೋದು ಕಷ್ಟ. ಹನ್ನೊಂದು ತಿಂಗಳು ಕಾದೆ. ಮುಂದಿನ ಮಳೆಗಾಲಕ್ಕೆ ಹೋದರೆ ಬಂಡೆಯೇ ಇಲ್ಲ. ಜಲ್ಲಿ ಕ್ರಷರ್. ಅಲ್ಲೇ ಕೂತು ಅತ್ತುಬಿಟ್ಟೆ, ಸುಳ್ಳು ಹೇಳಲ್ಲ. ಮೂರು ಕಿಲೋಮೀಟರ್ ಆಚೆ ಇನ್ನೊಂದು ಬಂಡೆಯಲ್ಲಿ ಬಲಿತ ಬೀಜ ಸಿಕ್ಕಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂಗೆ (ಒತ್ತಿ ಒಣಗಿಸಿದ ಗಿಡಗಳ ಸಂಗ್ರಹ) ನಾಲ್ಕು ಸಲ ಹೋಗಿ ಹಾಳೆ ಹಾಳೆ ಹೋಲಿಸಿದೆ. ಹಳೇ ವಿವರಣೆ ಲ್ಯಾಟಿನ್‌ನಲ್ಲಿ. 2012ರಿಂದ ಈಚೆಗೆ ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತದೆ, ಅದಕ್ಕೆ ಮೊದಲು ಹೊಸ ಗಿಡಕ್ಕೆ ಲ್ಯಾಟಿನ್ ಕಡ್ಡಾಯ ಇತ್ತು. ಡಿಕ್ಷನರಿ ಹಿಡಿದು ಸಾಲು ಸಾಲು ಓದಿದೆ. ಕೊನೆಗೆ ನನ್ನ ಗಿಡ ಹೊಸದಲ್ಲ, ನೂರು ವರ್ಷದ ಹಿಂದೆಯೇ ಹೆಸರಾದದ್ದು. ಆದರೆ ನಾನು ಒತ್ತಿದ ಹಾಳೆ ಈಗ ಸಂಗ್ರಹದಲ್ಲಿದೆ. ನನ್ನ ಹೆಸರು, ನನ್ನ ಊರಿನ ಹೆಸರು, ದಿನಾಂಕ ಇದೆ. ಆ ಗುಳಿ ಈಗ ರಸ್ತೆಯಾಗಿದೆ, ಗಿಡದ ಗುರುತು ಉಳಿದದ್ದು ಆ ಹಾಳೆಯಲ್ಲಿ. ನನಗೆ ಅಷ್ಟು ಸಾಕು.

ಮೂರನೇ ಬೆಂಚು

ಮೇಷ್ಟ್ರೇ, ಪ್ರೊಫೆಸರ್ ಕೈಗೆ ಕೊಡಬೇಡಿ. ಎಂಎಸ್ಸಿ ಓದುವಾಗ ರಾತ್ರಿ ಹನ್ನೊಂದರವರೆಗೆ ಗದ್ದೆ ಬದುವಲ್ಲಿ ಟಾರ್ಚ್ ಹಿಡಿದು ಕಪ್ಪೆ ಕೂಗು ರೆಕಾರ್ಡ್ ಮಾಡಿದವಳು ನಾನು. 64 ರಾತ್ರಿ. ಎರಡು ಸಲ ಜ್ವರ, ಒಂದು ಸಲ ಕೊಳಕುಮಂಡಲ ಕಾಲ ಪಕ್ಕದಲ್ಲೇ. ಸಂಶೋಧನಾ ಲೇಖನ ಬಂದಾಗ ನನ್ನ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ, ಅದೂ ಡ್ರೈವರ್ ಹೆಸರಿನ ಕೆಳಗೆ. ಏಳು ವರ್ಷ ಆಯಿತು. ಇವತ್ತಿಗೂ ಆ ಕಪ್ಪೆ ಕೂಗಿದರೆ ಕಿಟಕಿ ಮುಚ್ಚುತ್ತೇನೆ.

ಹಳೇ ಮೈಕ್ರೋಸ್ಕೋಪ್

ಎಲ್ಲ ಮೇಷ್ಟ್ರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಮ್ಮ. ನಿಯಮದ ಪ್ರಕಾರ ಪ್ರಭೇದದ ಹೆಸರಾದ ಮೇಲೆ ಬರುವುದು ವಿವರಿಸಿದವರ ಹೆಸರು, ಕಂಡವರದ್ದಲ್ಲ. ನಾನು 22 ವರ್ಷ ನೊಣದ ರೆಕ್ಕೆಯ ನರ ಎಣಿಸಿದ್ದೇನೆ. ಒಂದು ಪ್ರಭೇದ ಹೊಸದು ಅನ್ನಬೇಕಾದರೆ ಆ ಕುಲದಲ್ಲಿ ಹಿಂದೆ ಬಂದ ಎಲ್ಲವನ್ನೂ ಓದಬೇಕು. ಫ್ರೆಂಚ್, ಜರ್ಮನ್, ಚಿತ್ರವೇ ಇಲ್ಲದ ನಾಲ್ಕು ಸಾಲಿನ ವಿವರಣೆ. ಮೂಲ ಮಾದರಿ ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ. ಪತ್ರ ಬರೆದು ಒಂದು ಫೋಟೋಗೆ ಎಂಟು ತಿಂಗಳು ಕಾದಿದ್ದೇನೆ. ಬಂದದ್ದು ಒಂದು ಕಾಲಿಲ್ಲದ, ರೆಕ್ಕೆ ಮುರಿದ ನೊಣ. ನನ್ನ ಕಣ್ಣು ಹೋಗಿದ್ದೇ ಆ ಕೆಲಸಕ್ಕೆ. ಟಾರ್ಚ್ ಹಿಡಿಯುವುದೂ ಕೆಲಸವೇ, ಇಲ್ಲ ಅನ್ನಲ್ಲ.

ಮೂರನೇ ಬೆಂಚು

ಹಾಗಿದ್ದರೆ ಸಹಲೇಖಕಿ ಅಂತ ಹಾಕೋಕೆ ಏನು ಅಡ್ಡಿ ಇತ್ತು ಸರ್? ಯಲ್ಲಾಪುರದ ಎರಡು ಬಣ್ಣದ ಏಡಿ, ಘಟಿಯಾನಾ ದ್ವಿವರ್ಣ, 2022ರಲ್ಲಿ ಹೊರಬಂತಲ್ಲ. ಅದನ್ನು ಮೊದಲು ಕಂಡದ್ದು ಅರಣ್ಯ ಇಲಾಖೆಯ ಸಿಬ್ಬಂದಿ ಮತ್ತು ಅಲ್ಲಿಯ ನಿಸರ್ಗಾಸಕ್ತರು. ಅವರ ಹೆಸರು ನಾಡಿಗೆಲ್ಲ ಗೊತ್ತಾಯಿತು. ಮನಸ್ಸಿದ್ದರೆ ದಾರಿ ಇರುತ್ತದೆ. ಮೇಷ್ಟ್ರೇ, ಸೀಸೆ ಕೊಡುವ ಮುಂಚೆ ಒಂದು ಇಮೇಲ್ ಹಾಕಿ. "ನಾನು ಸಹಲೇಖಕ" ಅಂತ ಬರವಣಿಗೆಯಲ್ಲಿ ಇರಲಿ.

ಕಾವೇರಿ ಬಲೆ (ಮಳವಳ್ಳಿ)

ನೀವೆಲ್ಲ ಕಂಡುಹಿಡಿದೆ, ಕಂಡುಹಿಡಿದೆ ಅಂತೀರಿ. ಮುತ್ತತ್ತಿ ಕಡೆ ನಮ್ಮ ತಾತ ಹಿಡಿಯುತ್ತಿದ್ದ ಬಿಳಿಮೀನು ಗೊತ್ತಾ? ಡುಬ್ಬದ ಮಹಸೀರ್. ಬ್ರಿಟಿಷರ ಕಾಲದಿಂದ ಗಾಳ ಹಾಕಿ ಹಿಡಿದು ಫೋಟೋ ತೆಗೆಸಿಕೊಂಡರು. ವೈಜ್ಞಾನಿಕವಾಗಿ ಇದು ಯಾವ ಮೀನು ಅಂತ ಇತ್ಯರ್ಥ ಆಗಿದ್ದು 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಟಾರ್ ರೆಮಾದೇವಿಯೈ ಅಂತ ಹೆಸರಿಟ್ಟಿದ್ದರು, ನಮ್ಮದೂ ಅದೇ ಅಂತ ಆಗ ತಿಳಿಯಿತು. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ, ಹೇಳಿ? ಅಷ್ಟೂ ವರ್ಷ ಹೊರಗಿನ ಮಹಸೀರ್ ಮರಿ ತಂದು ಹೊಳೆಗೆ ಬಿಟ್ಟರು. ನಮ್ಮಪ್ಪ 40 ಕೆಜಿ ಬಿಳಿಮೀನು ನೋಡಿದ್ದಾರೆ. ನನ್ನ ಮಗನಿಗೆ ಹದಿನಾಲ್ಕು ವರ್ಷ, ಒಂದನ್ನೂ ನೋಡಿಲ್ಲ.

ಎಂಟು ಕಣ್ಣು

ಅಣ್ಣ, ಅದಕ್ಕೇ ನಾನು ಹೇಳೋದು, ಬೇಗ ಹೆಸರಿಡಬೇಕು ಅಂತ.

ಕಾವೇರಿ ಬಲೆ

ಹೆಸರು ನಮ್ಮ ಹತ್ತಿರ ಮೊದಲೇ ಇತ್ತು ಕಣ್ರೀ. ಬಿಳಿಮೀನು. ನಿಮಗೆ ಕೇಳಿಸಲಿಲ್ಲ.

ಹಳೇ ಮೈಕ್ರೋಸ್ಕೋಪ್

ಈಗಿನ ಹುಡುಗರು ಕೇಳಿಸಿಕೊಳ್ಳುತ್ತಿದ್ದಾರೆ ಸ್ವಾಮಿ. ಮಡಕೆಯವನ ಹಾಗೆ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ಕುಂಬಾರ ಅಂತಲೇ ಇಟ್ಟರು. ಜಿಗಿಯುವ ಜೇಡದ ಒಂದು ಕುಲಕ್ಕೇ 2025ರಲ್ಲಿ ತೆಂಕಣ ಅಂತ ಕನ್ನಡದ ಹೆಸರು ಬಂತು. ಅದರಲ್ಲಿ ಒಂದಕ್ಕೆ ಜಯಮಂಗಲಿ ಹೊಳೆಯ ಹೆಸರು. ಮೈಸೂರಿನ ಹೆಸರಂತೂ 1853ರಲ್ಲೇ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಒಂದು ಹಲ್ಲಿಗೆ ಇಟ್ಟಾಗಿದೆ, ಮೈಸೋರಿಯೆನ್ಸಿಸ್.

ಕಾವೇರಿ ಬಲೆ

ಎಲ್ಲ ಮೈಸೂರಿಗೇ. ಹಾಲು ನಮ್ಮದು, ಸಕ್ಕರೆ ನಮ್ಮದು, ಹೆಸರು ಮೈಸೂರಿನದು. ಮೇಷ್ಟ್ರೇ, ನಿಮ್ಮ ಜೇಡಕ್ಕೆ ಮಂಡ್ಯದ ಹೆಸರೇ ಇಡಿ.

ಮೇಲುಕೋಟೆ ಅಕ್ಕ

ಊರಿನ ಹೆಸರು ಇಡುವ ಮುಂಚೆ ಯೋಚಿಸಿ. ನಾಳೆ ಅದು ಧಾರವಾಡದಲ್ಲೂ ಸಿಕ್ಕರೆ? ಬೆನ್ನಿನ ಗೆರೆ ನೋಡಿ ಇಡಿ, ಅದು ಎಲ್ಲಿ ಹೋದರೂ ಜೊತೆಗೇ ಇರುತ್ತದೆ.

ಕಾವೇರಿ ಬಲೆ

ಧಾರವಾಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿಯವರೂ ಮಂಡ್ಯ ಅನ್ನಲಿ.

ಫೈಲು ನಂಬರ್

ಯಾರೂ ಕಾನೂನು ಹೇಳಲಿಲ್ಲ. ಸ್ವಂತ ಹೊಲ ಆದ್ದರಿಂದ ಮೇಷ್ಟ್ರು ಬಚಾವ್. ನಾನು ಕಾಡಿನೊಳಗಿನ ಒಂದು ಹಲ್ಲಿಗೆ ಅನುಮತಿ ಕೇಳಿ 14 ತಿಂಗಳು ಅಲೆದೆ. ಅರ್ಜಿ ಮೂರು ಸಲ ವಾಪಸ್. ಒಂದು ಸಲ ಸಹಿ ಇಲ್ಲ ಅಂತ, ಒಂದು ಸಲ ನಕ್ಷೆ ಇಲ್ಲ ಅಂತ, ಮೂರನೇ ಸಲ ಆ ಅಧಿಕಾರಿಗೇ ವರ್ಗ. ಅಷ್ಟರಲ್ಲಿ ಮಳೆಗಾಲ ಎರಡು ಹೋದವು. ಮೇಷ್ಟ್ರೇ, 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಓದಿಕೊಳ್ಳಿ. ಹೊಸ ಪ್ರಭೇದ ಅಂದಮೇಲೆ ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಕೊಡಬೇಕು, ಮನೆ ಕಪಾಟಿನಲ್ಲಿ ಇಡುವ ಹಾಗಿಲ್ಲ. ಯಾರೋ ವಿದೇಶದವರು ಕೇಳಿದರು ಅಂತ ಪೋಸ್ಟ್ ಮಾಡಲೇಬೇಡಿ. ಏಳು ದಿನದಲ್ಲಿ ಛಾಪಿಸುತ್ತೇವೆ, ಹದಿನೈದು ಸಾವಿರ ಕೊಡಿ ಅಂತ ಮೇಲ್ ಬಂದರೆ ಡಿಲೀಟ್ ಮಾಡಿ. ನನ್ನ ದುಡ್ಡು ಹಾಗೇ ಹೋಗಿದ್ದು. ಝೂಟ್ಯಾಕ್ಸಾದಂಥ ಒಳ್ಳೆಯ ಪತ್ರಿಕೆಯಲ್ಲಿ ದುಡ್ಡಿಲ್ಲದೆಯೂ ಪ್ರಕಟಿಸಬಹುದು ಅಂತ ಆಮೇಲೆ ಗೊತ್ತಾಯಿತು.

ಬದುವಿನ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಪ್ರೊಫೆಸರಿಗೆ ಇಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ಇವತ್ತು ಸಂಜೆ ಬದುವಿಗೆ ಹೋಗಿದ್ದೆ. ಮೂರು ಕಂಡವು. ಒಂದರ ಮುಂದಿನ ಪುಟ್ಟ ಕೈಗಳ ತುದಿ ರಾಗಿ ಕಾಳಿನ ಹಾಗೆ ಉಬ್ಬಿದೆ. ಡಬ್ಬಿಯಲ್ಲಿದೆ. ಇದು ಗಂಡೇ ಅಲ್ವಾ?

ಎಂಟು ಕಣ್ಣು

ಗಂಡೇ! ಉಬ್ಬಿದ್ದು ನುಣ್ಣಗೆ ಇದ್ದರೆ ಇನ್ನೂ ಒಂದು ಪೊರೆ ಬಾಕಿ. ಕಪ್ಪಗೆ, ಗಂಟು ಗಂಟಾಗಿ ಕಂಡರೆ ಬೆಳೆದಿದೆ. ಹತ್ತಿ ಒಣಗಲು ಬಿಡಬೇಡಿ, ನನ್ನೆರಡು ಹೋಗಿದ್ದು ಅದಕ್ಕೇ ಅಂತ ನನ್ನ ಅನುಮಾನ. ಭಾನುವಾರ ಬೆಳಗಿನ ರೈಲಿಗೆ ಪಾಂಡವಪುರಕ್ಕೆ ಬರುತ್ತೇನೆ, ಮೈಕ್ರೋಸ್ಕೋಪ್ ತರುತ್ತೇನೆ.

ಕ್ಲಿಕ್ ಮಾತ್ರ

ಆಲ್ಕೋಹಾಲ್‌ಗೆ ಹಾಕಿದರೆ ಬಣ್ಣ ಹೋಗುತ್ತದೆ. ಜೀವ ಇರುವಾಗಲೇ ಸರಿಯಾದ ಫೋಟೋ ಬೇಕು. ನಾನೂ ಅದೇ ರೈಲಿಗೆ ಬರುತ್ತೇನೆ.