ಅಪ್‌ಡೇಟ್: ಅಂಡಮಾನ್‌ಗೆ ಮಾರ್ಚ್‌ನಲ್ಲೇ ಹೋಗಿಬಂದೆವು

ಅಂಡಮಾನ್‌ಗೆ ಡಿಸೆಂಬರ್, ಮಾರ್ಚ್, ಜೂನ್ ಯಾವಾಗ ಹೋಗೋದು ಅಂತ ಕೇಳಿದ್ದೆ ಅಲ್ವಾ? ಮೊನ್ನೆ ವಾಪಸ್ ಬಂದೆವು. ಮಾರ್ಚ್ ಅಂದವರಿಗೆ ದೊಡ್ಡ ಥ್ಯಾಂಕ್ಸ್! ಐದು ದಿನದಲ್ಲಿ ಒಂದು ಹನಿ ಮಳೆ ಇಲ್ಲ. ಸಮುದ್ರ ಎಷ್ಟು ಶಾಂತ ಅಂದರೆ, ಘಾಟಿ ಬಸ್ಸಿನಲ್ಲೇ ಸುಸ್ತಾಗುವ ಅಮ್ಮನಿಗೂ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ವಾಂತಿ ಬರಲಿಲ್ಲ. ಎಲಿಫೆಂಟ್ ಬೀಚ್‌ನಲ್ಲಿ ನೀರು ತಿಳಿಯಾಗಿತ್ತು, ಹವಳ ಚೆನ್ನಾಗಿ ಕಂಡಿತು. ಬಿಸಿಲು, ಸೆಕೆ ಮಾತ್ರ ಜಾಸ್ತಿ.

ಜೂನ್ ಅಗ್ಗ ಅಂದಿದ್ದರು. ಆದರೆ ಅಲ್ಲಿಗೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ತಿಂಗಳಲ್ಲೇ ಬರುತ್ತದೆ.

‘ಮಧ್ಯಾಹ್ನ ಮಲಗಿ, ಸಂಜೆ ಬೀಚ್‌ಗೆ ಹೋಗಿ’ ಅನ್ನೋ ಸಲಹೆ ಕೈಕೊಟ್ಟಿತು. ಗಡಿಯಾರದ ಸಮಯ ನಮ್ಮ ಊರಿನದೇ, ಆದರೆ ದ್ವೀಪ ತುಂಬಾ ಪೂರ್ವಕ್ಕಿದೆ. ಐದೂವರೆಗೆಲ್ಲ ಸೂರ್ಯ ಮುಳುಗಿಬಿಡ್ತಾನೆ! ಮೊದಲ ದಿನ ರಾಧಾನಗರ ಬೀಚ್‌ನಲ್ಲಿ ಕತ್ತಲನ್ನಷ್ಟೇ ನೋಡಿದೆವು.