ಪದಚರ್ಚೆ: ಗೇರ್‌ಬಾಕ್ಸ್ ‘ಗಟ್ಟಿ’ ಮಾಡುವುದು ಅಂದರೆ ಏನು?

ಗೆಳೆಯರೇ,

ಒಂದು ಪದಕ್ಕೆ ಸಿಕ್ಕಿಕೊಂಡು ಮೂರು ವಾರ ಆಯಿತು. ನಿಮ್ಮ ಸಹಾಯ ಬೇಕು.

ನಾನೂ ನಮ್ಮ ಭಾವನೂ ಸೇರಿ ಅವರ ಹಳೆಯ ಪಿಕಪ್ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಮತ್ತೆ ಕೂಡಿಸಿದೆವು. ಅದೂ ಎರಡು ಸಲ. ಎರಡನೆಯ ಸಲ ಯಾಕೆ ಬಿಚ್ಚಬೇಕಾಯಿತು ಅನ್ನುವುದು ಕೆಳಗೆ ಬರುತ್ತದೆ. ಅದಕ್ಕೂ ಈ ಪದಕ್ಕೂ ನಂಟು ಇದೆ. ಈಗ ಆ ಕೆಲಸವನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಬಿಡಿಭಾಗಗಳ ಹೆಸರಿನ ಬಗ್ಗೆ ನನಗೆ ತಲೆನೋವಿಲ್ಲ. ಕ್ಲಚ್, ಪಿಸ್ಟನ್, ಸೀಲು, ವಾಲ್ವು, ಬೇರಿಂಗು ಎಲ್ಲ ಹಾಗೇ ಇರಲಿ. ಎಂಜಿನ್ನಿನ ತಿರುಗುಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಕನ್ನಡದ ಹೆಸರು ಕಟ್ಟಲು ಹೋಗಿ ಒಂದು ಸಂಜೆ ಹಾಳು ಮಾಡಿಕೊಂಡೆ, ಅಷ್ಟು ಸಾಕು. ಟ್ರಕ್ಕಿನ ಹೆಸರಲ್ಲೇ ಒಂದು ತಮಾಷೆ ಇದೆ. ನಮಗೆ ಪಿಕಪ್ ಅಂದರೆ ಗಾಡಿಯೂ ಹೌದು, ಗಾಡಿಯ ಚುರುಕೂ ಹೌದು. ‘ಪಿಕಪ್‌ಗೆ ಪಿಕಪ್ ಇಲ್ಲ’ ಎಂದು ಬರೆದು ನಾನೇ ನಕ್ಕೆ, ಆಮೇಲೆ ಹೊಡೆದುಹಾಕಿದೆ.

ತೊಡಕು ಇರುವುದು ಕೆಲಸವನ್ನು ಹೇಳುವ ಪದಗಳಲ್ಲಿ, ಅದರಲ್ಲೂ ‘ಗಟ್ಟಿ’ಯಲ್ಲಿ.

ಗಟ್ಟಿ ನಮ್ಮಲ್ಲಿ ಬಹಳ ದುಡಿಯುವ ಪದ. ಗಟ್ಟಿಯಾಗಿ ಮಾತಾಡು ಅಂದರೆ ಜೋರು. ಗಟ್ಟಿ ಮರ ಅಂದರೆ ಸುಲಭಕ್ಕೆ ಮುರಿಯದ್ದು. ಗಟ್ಟಿ ಆಸಾಮಿ ಅಂದರೆ ಸುಲಭಕ್ಕೆ ಬಗ್ಗದವನು. ಗಟ್ಟಿಯಾಗಿ ಹಿಡಿ ಅಂದರೆ ಬಿಗಿ. ಸ್ಟಿಯರಿಂಗ್ ಗಟ್ಟಿ ಅಂದರೆ ದೂರು, ಚಾಸಿ ಗಟ್ಟಿ ಅಂದರೆ ಹೊಗಳಿಕೆ. ಹೀಗಿರುವಾಗ ‘ಗೇರ್‌ಬಾಕ್ಸ್ ಗಟ್ಟಿ ಮಾಡುವುದು ಹೇಗೆ’ ಎಂದು ತಲೆಬರಹ ಕೊಟ್ಟರೆ ಓದುವವರು ಯಾವ ಗಟ್ಟಿ ಅಂದುಕೊಳ್ಳಬೇಕು?

ಇದು ಸುಮ್ನೆ ಕೂದಲು ಸೀಳುವ ಮಾತಲ್ಲ. ಮೊದಲ ಸಲ ಕಟ್ಟುವಾಗ ಭಾವ ವಾಲ್ವ್ ಬಾಡಿಯ (ಎಣ್ಣೆಯನ್ನು ಬೇಕಾದ ಗೇರಿನ ಕಡೆಗೆ ಕಳಿಸುವ ವಾಲ್ವುಗಳ ಪೆಟ್ಟಿಗೆ) ನಡುವಿನ ತಗಡಿನಲ್ಲಿ ಎರಡನೇ ಗೇರಿನ ಎಣ್ಣೆ ಹೋಗುವ ತೂತನ್ನು ಸ್ವಲ್ಪ ದೊಡ್ಡದು ಮಾಡಿದ್ದರು. ಎಣ್ಣೆ ಬೇಗ ನುಗ್ಗುತ್ತದೆ, ಗೇರು ಬೇಗ ಹಿಡಿಯುತ್ತದೆ, ಜಾರುವ ಹೊತ್ತು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಸರಿಯೇ. ಗಾಡಿ ಓಡಿಸಿದಾಗ ಎರಡನೇ ಗೇರು ಬೆನ್ನಿಗೆ ಗುದ್ದಿದ ಹಾಗೆ ಬಿತ್ತು. “ಈಗ ನೋಡಪ್ಪಾ, ಎಷ್ಟು ಗಟ್ಟಿ!” ಎಂದರು. ನಾನೂ ಹೌದು ಭಾವ ಎಂದೆ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಾಡಿ ಹಿಂದಕ್ಕೆ ಹೋಗಲಿಲ್ಲ. ಎರಡನೇ ಗೇರೂ ಇಲ್ಲ, ನಾಲ್ಕನೆಯದೂ ಇಲ್ಲ. ಒಂದು ಮತ್ತು ಮೂರು ಮಾತ್ರ ಇದ್ದವು. ಬಿಚ್ಚಿ ನೋಡಿದರೆ ನಡುವಿನ ಗೇರನ್ನು ಹಿಡಿದು ನಿಲ್ಲಿಸುವ, ಗಂಟೆಯಂಥ ತೆಳು ಉಕ್ಕಿನ ಚಿಪ್ಪಿನ ಕುತ್ತಿಗೆಯಲ್ಲಿ ಹಲ್ಲೆಲ್ಲ ಸವೆದು ನುಣ್ಣಗಾಗಿದ್ದವು. ಆ ಚಿಪ್ಪಿನ ಹಿಡಿತ ಬೇಕಾದ ಗೇರುಗಳೆಲ್ಲ ಒಟ್ಟಿಗೆ ಹೋಗಿದ್ದವು. ಒದೆತವೇ ಕಾರಣ ಎಂದು ನಾನು ಆಣೆ ಮಾಡಲಾರೆ. ಆದರೆ ಪ್ರತಿ ಸಲದ ಆ ಗುದ್ದು ಚಿಪ್ಪಿಗೆ ಒಳ್ಳೆಯದನ್ನಂತೂ ಮಾಡಲಿಲ್ಲ. ನಾವು ‘ಗಟ್ಟಿ’ ಎಂದು ಬೀಗಿದ್ದು ಗೇರ್ ಬೀಳುವ ರೀತಿಯನ್ನು. ಒಳಗಿನ ಚಿಪ್ಪು ಹಳೆಯದೇ ಇತ್ತು.

ಆದ್ದರಿಂದ ನನ್ನ ಬರಹದಲ್ಲಿ ಒಂದು ಗಟ್ಟಿಯನ್ನು ನಾಲ್ಕಾಗಿ ಒಡೆದಿದ್ದೇನೆ. ಮುರಿಯದ, ಸವೆಯದ ಬಿಡಿಭಾಗಕ್ಕೆ ಮಾತ್ರ ‘ಗಟ್ಟಿ’: ಹದ ಕೊಟ್ಟ ಉಕ್ಕಿನ ಚಿಪ್ಪು, ಹದ ಕೊಟ್ಟ ಶಾಫ್ಟು. ಕ್ಲಚ್ಚು ಜಾರದೆ ಎಷ್ಟು ಬಲವನ್ನು ತಡೆಯುತ್ತದೆ ಅನ್ನುವುದಕ್ಕೆ ‘ಹಿಡಿತ’. ಗೇರ್ ಬೀಳುವ ರೀತಿಗೆ ‘ಬಿರುಸು’, ಅದರ ಎದುರು ‘ಮೆತ್ತಗೆ’. ಬಿರುಸು ಅತಿಯಾದರೆ ‘ಒದೆತ’. ಬಿಸಿಯನ್ನು ತಾಳಿಕೊಂಡು ವರ್ಷಗಟ್ಟಲೆ ನಡೆಯುವುದಕ್ಕೆ ‘ಬಾಳಿಕೆ’. ಎಣ್ಣೆಯನ್ನು ತಣ್ಣಗಿಡುವ ದೊಡ್ಡ ಕೂಲರ್ ಹಾಕಿದರೆ ಬಾಳಿಕೆ ಹೆಚ್ಚುತ್ತದೆ, ಬಿರುಸು ಹೆಚ್ಚುವುದಿಲ್ಲ. ಓಡಿಸುವವನಿಗೆ ಅದು ಗೊತ್ತೂ ಆಗುವುದಿಲ್ಲ. ಹಾಗಾಗಿಯೇ ಕೂಲರ್ ಯಾರಿಗೂ ‘ಗಟ್ಟಿ’ ಅನ್ನಿಸುವುದಿಲ್ಲ ಅಂತ ಕಾಣುತ್ತದೆ.

ಪದ ಒಡೆದ ಮೇಲೆ ಒಂದು ಲಾಭ ಆಯಿತು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಇಳಿಯಬಹುದು ಎಂದು ಬರೆಯಲು ಬಂತು. ಕ್ಲಚ್ಚಿನ ಡ್ರಮ್ಮಿನಲ್ಲಿ ಉಜ್ಜುವ ಪದರ ಅಂಟಿಸಿದ ಲೈನಿಂಗ್ ಪ್ಲೇಟು, ಬರೀ ಉಕ್ಕಿನ ಪ್ಲೇಟು ಒಂದರ ಮೇಲೊಂದು ಕೂತಿರುತ್ತವೆ. ಉಜ್ಜುವ ಮುಖಗಳು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆದರೆ ಡ್ರಮ್ಮಿನಲ್ಲಿ ಜಾಗ ಅಷ್ಟೇ. ಇನ್ನೊಂದು ಜೊತೆ ತುರುಕಲು ತೆಳು ಉಕ್ಕಿನ ಪ್ಲೇಟು ಹಾಕಬೇಕು. ತೆಳು ಉಕ್ಕು ಬಿಸಿಯನ್ನು ಕಡಿಮೆ ಹೀರುತ್ತದೆ, ಬೇಗ ಕಾಯುತ್ತದೆ. ಅಂದರೆ ಹಿಡಿತ ಏರಿತು, ಬಾಳಿಕೆ ಇಳಿಯಬಹುದು. ಹಳೆಯ ಒಂದೇ ‘ಗಟ್ಟಿ’ಯಲ್ಲಿ ಈ ವಾಕ್ಯ ಬರೆಯಿರಿ ನೋಡೋಣ!

ಭಾವ ಒಪ್ಪಿಲ್ಲ. “ಗ್ಯಾರೇಜಿನಲ್ಲಿ ಯಾರು ಬಿರುಸು ಅಂತಾರೆ?” ಅನ್ನುತ್ತಾರೆ. ನಿಮಗೆ ಏನನ್ನಿಸುತ್ತದೆ?

ಇನ್ನು ‘ಹಿಡಿ’. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಇಡೀ ವಿದ್ಯೆ ಹಿಡಿ–ಬಿಡು ಎರಡೇ ಮಾತು. ಕೈಯಿಂದ ಹಾಕುವ ಗೇರಿನಲ್ಲಿ ನಾವು ಗೇರ್ ಹಾಕುತ್ತೇವೆ, ಅದು ಬೀಳುತ್ತದೆ. ಇಲ್ಲಿ ಹಾಕುವವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಬೀಳುವಂಥದ್ದೂ ಏನೂ ಇಲ್ಲ, ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ನಡುವೆ ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಹೊರಗೆ ಒಳಮುಖದ ಹಲ್ಲಿನ ಬಳೆ. ಸೂರ್ಯನಿಗೆ 30 ಹಲ್ಲು, ಬಳೆಗೆ 72, ಮೂರು ಗ್ರಹಗಳಿಗೆ ತಲಾ 21 ಎಂದುಕೊಳ್ಳಿ. ಬಳೆಯನ್ನು ಹಿಡಿದು ಸೂರ್ಯನನ್ನು ತಿರುಗಿಸಿದರೆ, ಸೂರ್ಯ 3.4 ಸುತ್ತು ಬಂದಾಗ ಗ್ರಹಗಳನ್ನು ಹೊತ್ತ ಚೌಕಟ್ಟು ಒಂದು ಸುತ್ತು ಬರುತ್ತದೆ. ಸೂರ್ಯನನ್ನು ಹಿಡಿದು ಬಳೆಯನ್ನು ತಿರುಗಿಸಿದರೆ 1.42 ಸುತ್ತಿಗೆ ಒಂದು. ಎರಡನ್ನು ಒಂದಕ್ಕೊಂದು ಹಿಡಿಸಿದರೆ ಎಲ್ಲ ಒಟ್ಟಿಗೆ ಸುತ್ತುತ್ತವೆ. ಚೌಕಟ್ಟನ್ನು ಹಿಡಿದರೆ ತಿರುಗು ಉಲ್ಟಾ, ಅದೇ ರಿವರ್ಸು. ಯಾರನ್ನು ಹಿಡಿದೆ, ಯಾರನ್ನು ಬಿಟ್ಟೆ ಅನ್ನುವುದರಲ್ಲೇ ಎಲ್ಲ ಗೇರೂ ಇದೆ.

ಇಲ್ಲೊಂದು ಸೊಗಸು ಕಂಡಿತು. ‘ಗ್ರಹ’ ಎನ್ನುವ ಪದದ ಬೇರಿನ ಅರ್ಥವೇ ಹಿಡಿಯುವುದು. ಗ್ರಹಣ, ಗ್ರಹಿಕೆ ಎಲ್ಲ ಅದೇ ಬೇರಿನವು. ಭಾವನಿಗೆ ಇದನ್ನು ಹೇಳಿದರೆ, “ಗ್ರಹ ಗೇರಲ್ಲ, ಗ್ರಹಚಾರದ ಗೇರು” ಎಂದರು. ಆಗ ಅವರ ಕೈಯಲ್ಲಿ ಆ ನುಣ್ಣಗಾದ ಚಿಪ್ಪು ಇತ್ತು.

ಹಿಡಿಗೂ ಬಿಡುವಿಗೂ ನಡುವಿನ ಹೊತ್ತಿಗೆ ‘ಜಾರು’. ಇದಕ್ಕೆ ಬೇರೆ ಪದ ಹುಡುಕುವುದೇ ಬೇಡ. ಕ್ಲಚ್ ಜಾರುತ್ತಿದೆ ಅಂದರೆ ಎಲ್ಲರಿಗೂ ಗೊತ್ತು. ಒಂದು ಸಂದೇಹ ಮಾತ್ರ ಇದೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಬೀಸಿ ಎಸೆಯುತ್ತವೆ, ಆ ಎಣ್ಣೆ ಎದುರಿನ ರೆಕ್ಕೆಗಳನ್ನು ತಳ್ಳುತ್ತದೆ. ಇವೆರಡರ ವೇಗದ ವ್ಯತ್ಯಾಸವನ್ನೂ ಜಾರುವುದು ಎಂದೇ ಹೇಳುತ್ತಾರೆ. ಕ್ಲಚ್ ಜಾರುವುದು ರೋಗ. ಕನ್ವರ್ಟರ್ ಜಾರುವುದು ಅದರ ಕೆಲಸ. ಆ ಜಾರುವಿಕೆ ಇರುವಾಗಲೇ ನಡುವಿನ ಸ್ಟೇಟರ್ ಎಂಬ ರೆಕ್ಕೆಚಕ್ರ ಎಣ್ಣೆಯನ್ನು ತಿರುಗಿಸಿ ಕಳಿಸಿ ಎಂಜಿನ್ನಿನ ತಿರುಗುಬಲವನ್ನು ಹೆಚ್ಚಿಸುತ್ತದೆ, ನಿಂತ ಗಾಡಿ ಹೊರಡುವಾಗ ಸುಮಾರು ಎರಡು ಪಟ್ಟಿನವರೆಗೂ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗಿಗಾಗಿ. ಹಡಗಿಗೆ ಹುಟ್ಟಿದ್ದಕ್ಕೋ ಏನೋ, ಇದಕ್ಕೆ ‘ತೇಲು’ ಎಂದು ಬರೆಯೋಣ ಅನ್ನಿಸಿತು, ಆದರೆ ಧೈರ್ಯ ಸಾಲಲಿಲ್ಲ. ಎರಡು ಜಾರುಗಳನ್ನು ಬೇರೆ ಮಾಡುವ ಪದ ನಿಮ್ಮಲ್ಲಿದ್ದರೆ ಹೇಳಿ.

ನನ್ನ ಎರಡನೇ ದೊಡ್ಡ ತಲೆನೋವು ‘ಪ್ಲೇ’. ಗ್ಯಾರೇಜಿನಲ್ಲಿ ಇದೊಂದೇ ಪದ ಎಲ್ಲಕ್ಕೂ ನಡೆಯುತ್ತದೆ. ಆದರೆ ಗೇರ್‌ಬಾಕ್ಸ್ ಕಟ್ಟುವಾಗ ಅಳೆಯುವುದು ಎರಡು ಬೇರೆ ಸಂಗತಿ, ತೆಗೆದು ಎಸೆಯುವುದು ಮೂರನೆಯದು. ಕ್ಲಚ್ ಬಿಟ್ಟಾಗ ಪ್ಲೇಟುಗಳ ನಡುವೆ ಇರಬೇಕಾದ ಜಾಗ ಒಂದು. ಫೀಲರ್ ಗೇಜ್ (ಅಳತೆಯ ತೆಳು ಉಕ್ಕಿನ ಪಟ್ಟಿ) ತೂರಿಸಿ ನೋಡುತ್ತೇವೆ. ಒಂದು ಲೈನಿಂಗ್ ಪ್ಲೇಟಿಗೆ ಸುಮಾರು 0.25 ಮಿ.ಮೀ. ಎಂಬುದು ಕೈಲೆಕ್ಕ. ಆರು ಪ್ಲೇಟಿದ್ದರೆ ಒಟ್ಟು ಒಂದೂವರೆ ಮಿ.ಮೀ. ಹತ್ತಿರ. ಆಯಾ ಗೇರ್‌ಬಾಕ್ಸಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಕೊನೆಯ ಮಾತು. ಇದು ಕಡಿಮೆಯಾದರೆ ಕ್ಲಚ್ ಬಿಟ್ಟರೂ ಪ್ಲೇಟುಗಳು ಉಜ್ಜಿಕೊಂಡು ಸುಟ್ಟುಹೋಗುತ್ತವೆ. ಜಾಸ್ತಿಯಾದರೆ ಪ್ಲೇಟುಗಳನ್ನು ಒತ್ತುವ ಪಿಸ್ಟನ್ ದೂರ ಹೋಗಬೇಕು, ಹಿಡಿಯುವುದು ತಡವಾಗುತ್ತದೆ. ದಪ್ಪ ಸರ್ಕ್ಲಿಪ್ಪೋ ತೆಳು ಸರ್ಕ್ಲಿಪ್ಪೋ (ಪ್ಲೇಟುಗಳು ಹೊರಬರದಂತೆ ತಡೆಯುವ ಉಕ್ಕಿನ ಬಳೆ) ಹಾಕಿ ಸರಿಮಾಡುತ್ತೇವೆ. ಇದಕ್ಕೆ ನಾನು ‘ಸಂದು’ ಎಂದಿದ್ದೇನೆ.

ಎರಡನೆಯದು ಶಾಫ್ಟು ಹಿಂದೆ ಮುಂದೆ ಎಷ್ಟು ಸರಿಯುತ್ತದೆ ಅನ್ನುವುದು. ಅದಕ್ಕೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಎಳೆದು ತಳ್ಳಿ ನೋಡುತ್ತೇವೆ. ಇಲ್ಲಿರುವುದು ಚಲನೆ. ಇದಕ್ಕೆ ‘ಆಟ’. ಉಸಿರಾಡು, ಗಾಳಿಯಾಡು, ಓಡಾಡು ಇವುಗಳಲ್ಲಿರುವ ಆಡು ಇದೇ ಅಲ್ವಾ? ಇಂಗ್ಲಿಷಿನ ಪ್ಲೇಯನ್ನು ಕನ್ನಡಕ್ಕೆ ಇಳಿಸಿದ್ದೇನೆ ಎಂದು ಯಾರಾದರೂ ಬೈಯಬಹುದು. ಆದರೆ ಅವರ ಪ್ಲೇ ಇಲ್ಲದೆಯೂ ನಮ್ಮ ಚಕ್ರ ಆಡುತ್ತಿತ್ತು.

ಮೂರನೆಯದು ಸವೆದು ಬಂದದ್ದು, ಬೇಡದ್ದು. ಇದಕ್ಕೆ ‘ಸಡಿಲ’ ಎಂದಿದ್ದೇನೆ. ಸಂದು ಇಡಬೇಕು, ಆಟ ಅಳೆಯಬೇಕು, ಸಡಿಲ ಹೋಗಿಸಬೇಕು. ಈ ಮೂರಕ್ಕೆ ಭಾವನೂ ತಕರಾರು ಮಾಡಲಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಡೀ ಕೆಲಸಕ್ಕೆ ‘ಬಿಚ್ಚಿ ಕಟ್ಟುವುದು’ ಎಂದು ಬರೆದಿದ್ದೇನೆ. ರಿಪೇರಿ ಅಂದರೆ ಕೆಟ್ಟದ್ದೊಂದನ್ನೇ ಸರಿಮಾಡಿದ ಹಾಗೆ ಕೇಳುತ್ತದೆ, ಮರುನಿರ್ಮಾಣ ಅಂದರೆ ಸೇತುವೆ ಕಣ್ಣ ಮುಂದೆ ಬರುತ್ತದೆ. ಹೊಸ ಲೈನಿಂಗ್ ಪ್ಲೇಟನ್ನು ಜೋಡಿಸುವ ಮೊದಲು ಎಣ್ಣೆಯಲ್ಲಿ ‘ನೆನೆಹಾಕು’, ಇದು ಚರ್ಚೆಗೇ ಬೇಡ. ವಾಲ್ವ್ ಬಾಡಿಯೊಳಗೆ ಓಡಾಡುವ ಪುಟ್ಟ ಉಕ್ಕಿನ ಗುಂಡುಗಳಿಗೆ ‘ಗೋಲಿ’ ಸಾಕೇ? ಅವು ಉದುರದಂತೆ ವ್ಯಾಸಲೀನ್ ಹಚ್ಚಿ ಕೂರಿಸುತ್ತೇವೆ, ಆಮೇಲೆ ಅದು ಬಿಸಿ ಎಣ್ಣೆಯಲ್ಲಿ ಕರಗಿಹೋಗುತ್ತದೆ. ಒಂದು ಗೋಲಿ ನೆಲಕ್ಕೆ ಉರುಳಿ ಅರ್ಧ ದಿನ ಹುಡುಕಿಸಿತು. ಆ ಅರ್ಧ ದಿನ ನಾವು ಅದನ್ನು ಕರೆದ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಕ್ಲಚ್ ಕಟ್ಟಿದ ಮೇಲೆ ಎಣ್ಣೆಯ ದಾರಿಗೆ ಗಾಳಿ ಊದಿದರೆ ಪಿಸ್ಟನ್ ‘ಧಪ್’ ಎಂದು ಪ್ಲೇಟುಗಳನ್ನು ಒತ್ತುತ್ತದೆ. ಸೀಲು ಹರಿದಿದ್ದರೆ ಬರೀ ‘ಸುಸ್’. ಈ ಪರೀಕ್ಷೆಗೆ ‘ಊದಿ ನೋಡುವುದು’ ಎಂದು ಬರೆದೆ, ಚೆನ್ನಾಗಿಯೇ ಇದೆ ಅನ್ನಿಸಿತು.

ಕೊನೆಯದಾಗಿ ಒಂದು ಕೇಳಬೇಕು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಮೊದಲು ಕನ್ವರ್ಟರನ್ನು ತಿರುಗಿಸುತ್ತ ಒಳಕ್ಕೆ ತಳ್ಳಬೇಕು. ಅದು ಎರಡು ಶಾಫ್ಟಿನ ಹಲ್ಲಿಗೂ ಪಂಪಿಗೂ ಒಂದೊಂದಾಗಿ ಕಚ್ಚಿಕೊಳ್ಳುತ್ತ ಮೂರು ಸಲ ಒಳಕ್ಕೆ ಇಳಿಯುತ್ತದೆ. ಎರಡಕ್ಕೇ ನಿಲ್ಲಿಸಿ ಬೋಲ್ಟು ಬಿಗಿದರೆ ಪಂಪು ಒಡೆಯುತ್ತದೆ. ‘ಪೂರ್ತಿ ಕೂರಿಸಿ’ ಎಂದು ಬರೆದರೆ ಎರಡಕ್ಕೇ ಕೂತಿತು ಅಂದುಕೊಳ್ಳುವವರು ಇದ್ದಾರೆ. ಮೊದಲ ಸಲ ನಾನೂ ಹಾಗೇ ಅಂದುಕೊಂಡಿದ್ದೆ, ಪುಣ್ಯಕ್ಕೆ ಭಾವ ಸ್ಪ್ಯಾನರ್ ಕಿತ್ತುಕೊಂಡರು. ಅವರು ಇದಕ್ಕೆ ‘ಮೂರು ಮೆಟ್ಟಿಲು ಇಳಿಸು’ ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆಯುವವರೆಗೆ ನಾನು ಅದನ್ನೇ ಇಟ್ಟುಕೊಂಡಿರುತ್ತೇನೆ.